ಕೋಟೆಯ ಹೆಬ್ಬಂಡೆಗಳು, ತಾಳ್ಯದ ಉಂಡೆಕಲ್ಲುಗಳು: ನಮ್ಮ ಸೀಮೆಯಲ್ಲಿ ಹಿಮಯುಗ ಇತ್ತೇ?

ಏಳು ಸುತ್ತಿನ ಕೋಟೆ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಕೋಟೆಗೆ ಬರುವ ಪ್ರವಾಸಿಗರಿಗೆ ದಾರಿ ತೋರಿಸಿ ವಿವರ ಹೇಳುವುದು ನನ್ನ ಉದ್ಯೋಗ. ಓಬವ್ವನ ಕಿಂಡಿ, ಮದಕರಿ ನಾಯಕರು, ಹೊಂಡಗಳ ನೀರಿನ ಲೆಕ್ಕ, ಇವುಗಳ ಬಗ್ಗೆ ಯಾರು ಏನು ಕೇಳಿದರೂ ಉತ್ತರ ಕೊಡಬಲ್ಲೆ. ಆದರೆ ಈಚೆಗೆ ಬಂಡೆಗಳ ಬಗ್ಗೆಯೇ ಕೇಳುವವರು ಹೆಚ್ಚಾಗಿದ್ದಾರೆ. ಒಂದರ ಮೇಲೊಂದು ನಿಂತಿರುವ ಈ ಗುಂಡುಗಳನ್ನು ಹಿಮಯುಗದಲ್ಲಿ ಹಿಮನದಿಗಳು ದೂರದಿಂದ ಹೊತ್ತು ತಂದು ಇಲ್ಲಿ ಬಿಟ್ಟುಹೋದವು ಎಂದು ಯಾವುದೋ ವಿಡಿಯೋದಲ್ಲಿ ಹೇಳಿದ್ದಾರಂತೆ. ಯುರೋಪಿನಲ್ಲಿ ಹಾಗೆ ಬಂದು ಕೂತ ಬಂಡೆಗಳ ಚಿತ್ರವನ್ನೂ, ನಮ್ಮ ಬಂಡೆಗಳ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಾಗ ಎರಡೂ ಒಂದೇ ರೀತಿ ಕಾಣುತ್ತವೆ ಎಂಬುದನ್ನು ನಾನೂ ಒಪ್ಪಬೇಕಾಯಿತು. ಬಿಸಿಲಿಗೆ ಹೆಸರಾದ ದುರ್ಗದಲ್ಲಿ ಹಿಮನದಿ ಎಂದರೆ ನಂಬುವುದು ಕಷ್ಟ. ಆದರೆ ನಂಬಲು ಕಷ್ಟ ಎಂಬ ಒಂದೇ ಕಾರಣಕ್ಕೆ ಸುಳ್ಳು ಎನ್ನಲಾಗದು. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ನಿವೃತ್ತ ಭೂವಿಜ್ಞಾನ ಉಪನ್ಯಾಸಕ (ದಾವಣಗೆರೆ)

ಕೋಟೆಯ ಬಂಡೆಗಳನ್ನು ಯಾವ ಹಿಮವೂ ತರಲಿಲ್ಲ. ಅವು ಕೂತ ಜಾಗದಲ್ಲೇ ರೂಪುಗೊಂಡವು. ಎರಡು ಚಿತ್ರಗಳು ಒಂದೇ ರೀತಿ ಕಾಣುತ್ತವೆ ಎಂಬ ಮಾತು ನಿಜ. ಆದರೆ ಭೂವಿಜ್ಞಾನಿ ಬಂಡೆಯ ಆಕಾರವನ್ನು ನೋಡುವ ಮೊದಲು ಬಂಡೆಯ ಕೆಳಗಿನ ನೆಲ ಯಾವ ಕಲ್ಲಿನದು ಎಂದು ನೋಡುತ್ತಾನೆ.

ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಊರಿನ ಮೇಲಿನ ಬೆಟ್ಟದಲ್ಲಿ ಪಿಯೆರ್‌ ಆ ಬೋ ಎಂಬ ಒಂದು ದೊಡ್ಡ ಗ್ರಾನೈಟ್ ಬಂಡೆ ಇದೆ. ಅದು ಕೂತಿರುವ ಜೂರಾ ಬೆಟ್ಟಸಾಲು ಪೂರ್ತಿ ಸುಣ್ಣಕಲ್ಲಿನದು. ಅಲ್ಲಿ ಗ್ರಾನೈಟ್ ಎಲ್ಲಿಯೂ ಇಲ್ಲ. ಆ ಗ್ರಾನೈಟಿನ ಮೂಲ ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ, ಮೋಂಟ್ ಬ್ಲಾಂಕ್ ಪರ್ವತದ ಕಡೆ ಇದೆ. ನಡುವೆ ಆಳವಾದ ಕಣಿವೆ, ಸರೋವರ ಎಲ್ಲವೂ ಇರುವುದರಿಂದ ನೀರು ಅಷ್ಟು ದೊಡ್ಡ ಬಂಡೆಯನ್ನು ಉರುಳಿಸಿಕೊಂಡು ಬಂದು ಬೆಟ್ಟದ ಮೇಲಿಡುವುದು ಸಾಧ್ಯವಿಲ್ಲ. ಆಲ್ಪ್ಸ್ ಕಣಿವೆಗಳ ಬೇಟೆಗಾರರಿಗೂ ರೈತರಿಗೂ ಇದು ಹಿಮನದಿಯ ಕೆಲಸವೆಂದು ಮೊದಲೇ ತಿಳಿದಿತ್ತು. ಪೆರೋದ್ಯಾಂ ಎಂಬ ಬೇಟೆಗಾರ 1815ರಲ್ಲೇ ಶಾರ್ಪಾಂತಿಯೆ ಎಂಬ ಗಣಿ ಅಧಿಕಾರಿಗೆ ಹಾಗೆಂದು ಹೇಳಿದ್ದ. ಅಧಿಕಾರಿ ಆಗ ನಂಬಲಿಲ್ಲ, ವರ್ಷಗಳ ನಂತರ ಅದರ ದೊಡ್ಡ ಸಮರ್ಥಕನಾದ. ಲೂಯಿ ಅಗಾಸಿ ಹಿಮಯುಗದ ವಾದವನ್ನು ವಿದ್ವಾಂಸರ ಸಭೆಯಲ್ಲಿ ಮಂಡಿಸಿದ್ದು 1837ರಲ್ಲಿ, ಅದೇ ನ್ಯೂಶಾಟೆಲಿನಲ್ಲಿ. ಹೊಗಳಿಕೆಯೆಲ್ಲ ಅವನಿಗೆ ಸಂದಿತು ಎಂಬುದು ಬೇರೆ ಮಾತು.

ಈಗ ದುರ್ಗಕ್ಕೆ ಬನ್ನಿ. ಕೋಟೆಯ ಗುಂಡು ಗ್ರಾನೈಟ್, ಅದರ ಕೆಳಗಿನ ಬೆಟ್ಟವೂ ಅದೇ ಗ್ರಾನೈಟ್. ಈ ಶಿಲೆ ಸುಮಾರು 260 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಗಟ್ಟಿಯಾದದ್ದು. ಮೇಲಿನ ಭಾರ ಸವೆದು ಹೋದಂತೆ ಅದರಲ್ಲಿ ಉದ್ದ, ಅಡ್ಡ ಮತ್ತು ಮಟ್ಟಸವಾಗಿ ಸೀಳುಗಳು ಬಿದ್ದು ಇಡೀ ಶಿಲೆ ದೊಡ್ಡ ದೊಡ್ಡ ಚೌಕಗಳಾಗಿ ಒಡೆಯಿತು. ಮಳೆನೀರು ಆ ಸೀಳುಗಳಲ್ಲಿ ಇಳಿದು ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಖನಿಜವನ್ನು ನಿಧಾನವಾಗಿ ಜೇಡಿಯಾಗಿ ಮಾರ್ಪಡಿಸುತ್ತದೆ. ಚೌಕದ ಮೂಲೆಗಳಿಗೆ ಮೂರು ಕಡೆಯಿಂದಲೂ, ಅಂಚುಗಳಿಗೆ ಎರಡು ಕಡೆಯಿಂದಲೂ ನೀರು ತಗಲುವುದರಿಂದ ಮೂಲೆ ಮೊದಲು ಕರಗುತ್ತದೆ, ಮೈ ಕೊನೆಗೆ ಉಳಿಯುತ್ತದೆ. ಇದೆಲ್ಲ ನೆಲದೊಳಗೇ ನಡೆಯುವ ಕೆಲಸ. ಮುಂದೆ ಗರಸು ಕೊಚ್ಚಿಹೋದಾಗ ಗುಂಡಾದ ಗಟ್ಟಿ ತಿರುಳು ಒಂದರ ಮೇಲೊಂದು ಉಳಿದುಕೊಳ್ಳುತ್ತದೆ. ಹೆದ್ದಾರಿಗಾಗಿ ಗುಡ್ಡ ಕಡಿದ ಕಡೆ ನಿಂತು ನೋಡಿದರೆ ಅರ್ಧ ಕರಗಿದ ಗರಸಿನ ನಡುವೆ ಇನ್ನೂ ಹೊರಬರದ ಗುಂಡುಗಳು ಕಾಣುತ್ತವೆ. ಪ್ರವಾಸಿಗರಿಗೆ ಬಾಯಲ್ಲಿ ಹೇಳುವುದಕ್ಕಿಂತ ಅಂಥ ಒಂದು ಫೋಟೋ ತೋರಿಸುವುದು ಮೇಲು.

ಅಲ್ಲದೆ ಈಚಿನ ಹಿಮಗಾಲದಲ್ಲಿ ದಕ್ಷಿಣ ಭಾರತದ ಯಾವ ಭಾಗವನ್ನೂ ಹಿಮನದಿ ಮುಟ್ಟಲಿಲ್ಲ. ಹಿಮನದಿ ಹರಿದ ನೆಲದ ಮೇಲೆ ಒಂದೇ ದಿಕ್ಕಿನ ಗೀರುಗಳಿರಬೇಕು. ಜೇಡಿ, ಮರಳು, ಜಲ್ಲಿ, ಬಂಡೆ ಯಾವ ವಿಂಗಡಣೆಯೂ ಇಲ್ಲದೆ ಬೆರೆತ ದಿಬ್ಬಗಳಿರಬೇಕು. ಇವಾವುವೂ ಕೋಟೆಯ ಸುತ್ತ ಇಲ್ಲ.

ವಿಜ್ಞಾನ ಶಿಕ್ಷಕಿ (ಹೊಳಲ್ಕೆರೆ)

ಮೇಷ್ಟ್ರ ವಿವರಣೆಗೆ ಧನ್ಯವಾದ. ಆದರೆ ನಮ್ಮ ತಾಲ್ಲೂಕಿನ ತಾಳ್ಯದ ಬಳಿಯ ಉಂಡೆಕಲ್ಲಿನ ಶಿಲೆ ಹಿಮನದಿಯಿಂದಲೇ ಬಂದದ್ದು ಎಂದು ಭೂವಿಜ್ಞಾನಿಗಳೇ ಬರೆದಿದ್ದಾರಲ್ಲ? ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಏನು ಹೇಳಬೇಕು ಎಂಬುದು ನನ್ನ ಪ್ರಶ್ನೆ. ಜಿಲ್ಲೆಯಲ್ಲಿ ಹಿಮ ಇರಲಿಲ್ಲ ಎಂದರೆ ಅದು ತಾಳ್ಯಕ್ಕೂ ಅನ್ವಯಿಸುತ್ತದೆಯೇ?

ನಿವೃತ್ತ ಭೂವಿಜ್ಞಾನ ಉಪನ್ಯಾಸಕ (ದಾವಣಗೆರೆ)

ಮೇಡಂ, ಈ ಪ್ರಶ್ನೆ ಬರಲೆಂದೇ ಕಾದಿದ್ದೆ. ನಾನು ಹೇಳಿದ್ದು ಈಚಿನ ಹಿಮಗಾಲದ ಮಾತು, ಅಂದರೆ ಸುಮಾರು 20,000 ವರ್ಷಗಳ ಹಿಂದಿನದು. ತಾಳ್ಯದ್ದು ಸುಮಾರು 270 ಕೋಟಿ ವರ್ಷಗಳ ಹಿಂದಿನ ಮಾತು. ಎರಡರ ನಡುವೆ ಭೂಖಂಡಗಳೇ ಜಾಗ ಬದಲಿಸಿವೆ. ಆಗಿನ ನೆಲ ಭೂಗೋಳದ ಮೇಲೆ ಈಗಿನ ಜಾಗದಲ್ಲಿ ಇರಲಿಲ್ಲ.

ತಾಳ್ಯದ ಶಿಲೆಯನ್ನು ನೋಡಿದವರಿಗೆ ಗೊತ್ತು: ನಯವಾದ ಮಣ್ಣಿನಿಂದಾದ ಪದರುಗಳ ನಡುವೆ ಬೇರೆ ಬೇರೆ ಜಾತಿಯ, ಬೇರೆ ಬೇರೆ ಗಾತ್ರದ ಕಲ್ಲುಗಳು ಹುದುಗಿವೆ. ಹೊಳೆ ತಂದ ಜಲ್ಲಿಯಾಗಿದ್ದರೆ ಕಲ್ಲಿಗೆ ಕಲ್ಲು ತಗುಲಿಕೊಂಡಿರಬೇಕಿತ್ತು. ಇಲ್ಲಿ ಅನೇಕ ಕಡೆ ಒಂದೊಂದು ಕಲ್ಲೂ ಮಣ್ಣಿನಲ್ಲಿ ಒಂಟಿಯಾಗಿದೆ. ನಿಂತ ನೀರಿನ ತಳದಲ್ಲಿ ನುಣ್ಣನೆಯ ಮಣ್ಣು ಸದ್ದಿಲ್ಲದೆ ಇಳಿಯುತ್ತಿದ್ದಾಗ ಅಷ್ಟು ದೊಡ್ಡ ಕಲ್ಲು ಅಲ್ಲಿಗೆ ಹೇಗೆ ಬಂತು? ಹರಿಯುವ ನೀರಿಗೆ ಕಲ್ಲನ್ನು ತರುವ ಬಲವಿದ್ದರೆ ಅದೇ ಬಲ ನುಣ್ಣನೆಯ ಮಣ್ಣನ್ನು ಕೊಚ್ಚಿಕೊಂಡು ಹೋಗಬೇಕಿತ್ತು. ತೇಲುವ ಹಿಮಗಡ್ಡೆ ಕರಗಿದಾಗ ಅದರೊಳಗೆ ಸಿಕ್ಕಿದ್ದ ಕಲ್ಲು ನೇರವಾಗಿ ತಳಕ್ಕೆ ಬೀಳುತ್ತದೆ, ಕೆಳಗಿನ ಪದರವನ್ನು ತಗ್ಗಿಸುತ್ತದೆ, ಆಮೇಲೆ ಬಂದ ಮಣ್ಣು ಅದರ ಮೇಲೆ ಹೊದ್ದುಕೊಳ್ಳುತ್ತದೆ. ಇಂಥ ಲಕ್ಷಣಗಳನ್ನು ಗುರುತಿಸಿ ಅಮೆರಿಕದ ರಿಚರ್ಡ್ ಒಜಾಕಂಗಸ್ ಮತ್ತು ಭಾರತೀಯ ಸಹೋದ್ಯೋಗಿಗಳು 2014ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ, ತಾಳ್ಯದ ಕಾಂಗ್ಲಾಮರೇಟ್ (ಉಂಡೆಕಲ್ಲಿನ ಶಿಲೆ) ಹಿಮನದಿ ಕಡಲಿಗೆ ಇಳಿಯುವ ಕಡೆ ಸಂಗ್ರಹವಾದದ್ದು ಎಂದು ವಾದಿಸಿದರು.

ಆದರೆ ಮಕ್ಕಳಿಗೆ ಇದನ್ನು ತೀರ್ಪು ಎಂದು ಹೇಳಬೇಡಿ, ವಾದ ಎಂದು ಹೇಳಿ. ಕಡಲ ತಳದ ಇಳಿಜಾರಿನಲ್ಲಿ ಕೆಸರು ಕುಸಿದು ಕಲ್ಲುಮಣ್ಣು ಒಟ್ಟಿಗೆ ಜಾರಿದರೂ ವಿಂಗಡಣೆಯಿಲ್ಲದ ಇಂಥದೇ ಶಿಲೆಯಾಗುತ್ತದೆ. ಮೇಲಾಗಿ ನಮ್ಮ ಶಿಲೆಗಳು ಆಮೇಲೆ ಬಹಳ ಒತ್ತಡ, ತಾಪಕ್ಕೆ ಸಿಕ್ಕಿ ಮಡಿಚಿಕೊಂಡಿವೆ. ಉಂಡೆಗಳು ಎಳೆದುಕೊಂಡು ಚಪ್ಪಟೆಯಾಗಿವೆ. ಹಿಮನದಿ ಕಲ್ಲಿನ ಮೇಲೆ ಕೊರೆದ ಗೀರುಗಳು, ಒಂದುವೇಳೆ ಇದ್ದಿದ್ದರೂ, ಅಷ್ಟೆಲ್ಲ ಆದ ಮೇಲೆ ಉಳಿಯುವುದು ಕಷ್ಟ. ದಕ್ಷಿಣ ಆಫ್ರಿಕದ ಪೊಂಗೋಲಾದಲ್ಲಿ ಸುಮಾರು 290 ಕೋಟಿ ವರ್ಷಗಳ ಹಿಂದಿನ ಹಿಮನದಿಯ ಗುರುತುಗಳು ಸಿಕ್ಕಿರುವುದರಿಂದ ಅಷ್ಟು ಹಳೆಯ ಕಾಲದಲ್ಲಿ ಹಿಮವೇ ಇರಲಿಲ್ಲ ಎನ್ನುವಂತಿಲ್ಲ. ಆಗಿನ ಸೂರ್ಯ ಈಗಿನದಕ್ಕಿಂತ ಶೇಕಡ 20ರಷ್ಟು ಮಂದವಾಗಿದ್ದ ಎಂಬುದನ್ನೂ ಸೇರಿಸಿ ನೋಡಿದರೆ, ಭೂಮಿ ಪೂರ್ತಿ ಹೆಪ್ಪುಗಟ್ಟದೆ ಉಳಿದದ್ದು ಹೇಗೆ ಎಂಬುದೇ ದೊಡ್ಡ ಪ್ರಶ್ನೆ. ಹಸಿರುಮನೆ ಅನಿಲಗಳು ಈಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದವು ಎಂಬುದು ಅದಕ್ಕೆ ಒಪ್ಪಿತವಾದ ಮುಖ್ಯ ಉತ್ತರ.

ಆ ಕಾಲದಲ್ಲಿ ಇಲ್ಲಿ ಕಡಲು ಇತ್ತು ಎಂಬುದಕ್ಕೆ ಮಾತ್ರ ವಿವಾದವಿಲ್ಲ. ಐಮಂಗಲದ ಹತ್ತಿರದ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ತಣಿದ ಲಾವಾ ದಿಂಬಿನಾಕಾರದಲ್ಲಿ ನಿಂತಿದೆ; ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ತಾಳ್ಯಕ್ಕೆ ಹೋಗುವವರು ಅದನ್ನೂ ನೋಡಿ ಬನ್ನಿ. ದಯವಿಟ್ಟು ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ಭಾರತದ ನೆಲದಲ್ಲಿ ಯಾರೂ ತಕರಾರು ಮಾಡದ ಹಿಮಯುಗದ ಗುರುತು ಬೇಕಾದರೆ ಒಡಿಶಾದ ತಾಲ್ಚೇರಿಗೆ ಹೋಗಬೇಕು. ಸುಮಾರು 30 ಕೋಟಿ ವರ್ಷಗಳ ಹಿಂದಿನ ಅಲ್ಲಿನ ಬಂಡೆಗಳು ಬೆರೆತ ಶಿಲಾಪದರವನ್ನು ಬ್ಲಾನ್‌ಫರ್ಡ್ ಸಹೋದರರು 1856ರಲ್ಲೇ ಹಿಮದ ಕೆಲಸವೆಂದು ಗುರುತಿಸಿದರು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಇರೈ ಎಂಬಲ್ಲಿ ಅದೇ ಕಾಲದ ಗೀರುಬಿದ್ದ ಶಿಲಾನೆಲವೂ ಇದೆ. ಆಗ ಭಾರತ ಅಂಟಾರ್ಕ್ಟಿಕಾದ ಪಕ್ಕದಲ್ಲಿ ಗೊಂಡ್ವಾನ ಎಂಬ ಹಳೆಯ ಮಹಾಖಂಡದ ಭಾಗವಾಗಿತ್ತು.

ಬೋರ್‌ವೆಲ್ ಲಾರಿ (ಚಳ್ಳಕೆರೆ)

ನಾನು ಬೋರ್ ಕೊರೆಸುವ ವೃತ್ತಿಯವನು. ಕೊರೆಯುವಾಗ ಮೇಲೆ ಬರುವ ಪುಡಿಯನ್ನು ಆಳಕ್ಕೆ ತಕ್ಕಂತೆ ಸಣ್ಣ ಗುಡ್ಡೆಗಳಾಗಿ ಇಟ್ಟುಕೊಂಡು, ಎಷ್ಟು ಅಡಿಗೆ ಮಣ್ಣು, ಎಷ್ಟಕ್ಕೆ ಗರಸು, ಎಷ್ಟಕ್ಕೆ ಕರಿಕಲ್ಲು ಎಂದು ಹೇಳುವುದು ನಮಗೆ ದಿನನಿತ್ಯದ ಕೆಲಸ. ಅಂಟಾರ್ಕ್ಟಿಕಾದಲ್ಲಿ ಹಿಮವನ್ನು ಹೀಗೆಯೇ ಕೊರೆದು ಹಳೆಯ ಕಾಲದ ಹವೆಯನ್ನು ಓದುತ್ತಾರೆ ಎಂದು ಕೇಳಿದ್ದೇನೆ. ಕಲ್ಲಾದರೆ ಬಣ್ಣ, ಕಾಳು ನೋಡಿ ತಿಳಿಯಬಹುದು. ಹಿಮವೆಲ್ಲ ಬಿಳಿಯೇ ಆಗಿರುವಾಗ ಅದರಲ್ಲಿ ಸೆಕೆ ಎಷ್ಟಿತ್ತು, ಚಳಿ ಎಷ್ಟಿತ್ತು ಎಂದು ಹೇಗೆ ಹೇಳುತ್ತಾರೆ? ವರ್ಷದ ಲೆಕ್ಕ ಹೇಗೆ ಹಿಡಿಯುತ್ತಾರೆ?

ಸಂಶೋಧನಾ ವಿದ್ಯಾರ್ಥಿನಿ (ಊರು ಹಿರಿಯೂರು)

ಅಣ್ಣ, ನಿಮ್ಮ ಗುಡ್ಡೆಗಳಿಗೂ ಅಲ್ಲಿನ ಕೆಲಸಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ನೀವು ಕಲ್ಲನ್ನು ಪುಡಿ ಮಾಡಿ ತೆಗೆಯುತ್ತೀರಿ. ಅವರು ಬಳೆಯಂಥ ಕೊರೆಯುವ ಬಾಯಿಯಿಂದ ನಡುವಿನ ಕಂಬವನ್ನು ಇಡಿಯಾಗಿ ತೆಗೆಯುತ್ತಾರೆ. ಅದನ್ನೇ ಐಸ್ ಕೋರ್ ಎನ್ನುವುದು.

ತಾಪವನ್ನು ಓದುವುದು ನೀರಿನ ತೂಕದಿಂದ. ನೀರಿನಲ್ಲಿರುವ ಆಮ್ಲಜನಕದ ಪರಮಾಣುಗಳಲ್ಲಿ ಬಹುಪಾಲು 16 ತೂಕದವು, ಸುಮಾರು 500ಕ್ಕೆ ಒಂದರಷ್ಟು 18 ತೂಕದವು. ಆವಿಯಾದ ನೀರು ಧ್ರುವದ ಕಡೆ ಸಾಗುವಾಗ ಭಾರದ ಪರಮಾಣುಗಳಿರುವ ನೀರು ದಾರಿಯಲ್ಲೇ ಮೊದಲು ಮಳೆಯಾಗಿ ಇಳಿದುಬಿಡುತ್ತದೆ. ಹವೆ ತಣ್ಣಗಿದ್ದಷ್ಟೂ ಕೊನೆಗೆ ಬೀಳುವ ಹಿಮದಲ್ಲಿ ಭಾರದ ಪಾಲು ಕಡಿಮೆಯಾಗುತ್ತದೆ. ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್ 1952ರಲ್ಲಿ ತನ್ನ ಮನೆಯಂಗಳದಲ್ಲಿ ಬಿಯರ್ ಬಾಟಲಿಗೆ ಆಲಿಕೆ ಸಿಕ್ಕಿಸಿ ಮಳೆನೀರು ಹಿಡಿದು ಅಳೆದಾಗ ಈ ಸಂಬಂಧದ ಸುಳಿವು ಸಿಕ್ಕಿತು. 1966ರಲ್ಲಿ ಗ್ರೀನ್‌ಲ್ಯಾಂಡಿನ ಕ್ಯಾಂಪ್ ಸೆಂಚುರಿಯಲ್ಲಿ ಹಿಮದ ತಳದವರೆಗೆ, ಅಂದರೆ ಸುಮಾರು 1,390 ಮೀಟರ್, ಕೊರೆದ ಮೇಲೆ ಹಿಮಗಾಲ ಪೂರ್ತಿ ಒಂದೇ ಕಂಬದಲ್ಲಿ ಕಂಡಿತು.

ವರ್ಷದ ಲೆಕ್ಕಕ್ಕೆ ಒಂದೇ ದಾರಿಯಲ್ಲ. ಗ್ರೀನ್‌ಲ್ಯಾಂಡಿನಲ್ಲಿ ಹಿಮ ಚೆನ್ನಾಗಿ ಬೀಳುವುದರಿಂದ ಬೇಸಿಗೆ, ಚಳಿಗಾಲದ ಪದರುಗಳನ್ನು ಒಂದೊಂದಾಗಿ ಎಣಿಸಿ ಸುಮಾರು 60,000 ವರ್ಷ ಹಿಂದಕ್ಕೆ ಹೋಗಬಹುದು. ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ಹಿಮ ಬಹಳ ತೆಳುವಾಗಿ ಬೀಳುವುದರಿಂದ ಎಣಿಕೆ ಸಾಗದು. ಅಲ್ಲಿ ಹಿಮ ಹೇಗೆ ಜರುಗುತ್ತದೆ ಎಂಬ ಲೆಕ್ಕ, ಕಾಲ ಗೊತ್ತಿರುವ ಜ್ವಾಲಾಮುಖಿ ಬೂದಿಯ ಪದರುಗಳು, ಇಂಥವು ಆಸರೆ. ಹಿಮ ಅದುಮಿ ಗಟ್ಟಿಯಾಗುವಾಗ ನಡುವೆ ಸಿಕ್ಕಿಕೊಂಡ ಗಾಳಿಗುಳ್ಳೆಗಳೇ ಅತ್ಯಂತ ಬೆಲೆಯುಳ್ಳವು, ಏಕೆಂದರೆ ಅದು ಆ ಕಾಲದ ಗಾಳಿಯೇ. ಊಹೆಯಿಲ್ಲದೆ ನೇರವಾಗಿ ಅಳೆಯಬಹುದು. ಅಂಟಾರ್ಕ್ಟಿಕಾದ ವೋಸ್ಟಾಕ್ ಕಂಬದಿಂದ 4,20,000 ವರ್ಷಗಳ, ಡೋಮ್ ಸಿ ಕಂಬದಿಂದ 8,00,000 ವರ್ಷಗಳ ದಾಖಲೆ ದೊರೆತಿದೆ. ಹಿಮಗಾಲಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 180 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 180 ಪಾಲಿಗೆ) ಇಳಿದು, ನಡುವಿನ ಬೆಚ್ಚಗಿನ ಕಾಲಗಳಲ್ಲಿ 280ರ ಸುತ್ತ ಏರುತ್ತಿತ್ತು. ಈಗ ಅದು 420ನ್ನು ದಾಟಿದೆ.

ನಿಮ್ಮ ವೃತ್ತಿಗೆ ಇನ್ನೂ ಹತ್ತಿರದ ಒಂದು ವಿಧಾನವಿದೆ. ನೆಲದ ಮೇಲಿನ ಬಿಸಿ ಕಲ್ಲಿನೊಳಗೆ ಬಹಳ ನಿಧಾನವಾಗಿ ಇಳಿಯುತ್ತದೆ: ಹಗಲುರಾತ್ರಿಯ ಏರಿಳಿತ ಮೀಟರಿನೊಳಗೇ ಮುಗಿದುಹೋಗುತ್ತದೆ, ಬೇಸಿಗೆ ಚಳಿಗಾಲದ್ದು 15–20 ಮೀಟರ್ ಮುಟ್ಟುತ್ತದೆ, ನೂರು ವರ್ಷಗಳ ಬದಲಾವಣೆ ನೂರೈವತ್ತು ಮೀಟರಿನ ಆಸುಪಾಸಿನಲ್ಲಿ ಕಾಣುತ್ತದೆ. ಆದ್ದರಿಂದ ಕೊಳವೆಬಾವಿಯೊಳಗೆ ಆಳ ಆಳಕ್ಕೆ ತಾಪ ಅಳೆದರೆ ಹಿಂದಿನ ಶತಮಾನಗಳು ಬೆಚ್ಚಗಾದವೋ ತಣ್ಣಗಾದವೋ ತಿಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಭಾರತದ ಹಲವು ಕಡೆ ಹೀಗೆ ಅಳೆದಾಗ, ಸುಮಾರು 150 ವರ್ಷಗಳಲ್ಲಿ ನೆಲ 0.9 ಡಿಗ್ರಿಯಷ್ಟು ಬೆಚ್ಚಗಾಗಿರುವುದು ಕಂಡಿತು. ಮೋಟಾರು ಇಳಿಸಿ ನೀರೆತ್ತುವ ಬಾವಿ ಇದಕ್ಕೆ ಬಾರದು. ನೀರು ಅಲುಗದ, ಬಳಸದೆ ಬಿಟ್ಟ ಬಾವಿಯೇ ಬೇಕು. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಕೊರೆದ ರಂಧ್ರದೊಳಗೆ ಹೀಗೆಯೇ ಅಳೆದು, ಹಿಮಗಾಲದ ತುತ್ತತುದಿಯಲ್ಲಿ ಆ ಜಾಗ ಈಗಿನದಕ್ಕಿಂತ ಸುಮಾರು 23 ಡಿಗ್ರಿ ತಣ್ಣಗಿತ್ತು ಎಂದು ತೋರಿಸಿದ್ದಾರೆ.

ಬೋರ್‌ವೆಲ್ ಲಾರಿ (ಚಳ್ಳಕೆರೆ)

ನೀರು ಬಾರದೆ ಬಿಟ್ಟ ಬಾವಿ ಬೇಕೆಂದರೆ ನಮ್ಮ ತಾಲ್ಲೂಕಿಗೆ ಬರಹೇಳಿ. ಅದಕ್ಕೆ ಇಲ್ಲಿ ಬರವಿಲ್ಲ.

ಅಡಿಕೆ ಬೆಳೆಗಾರ (ಚನ್ನಗಿರಿ)

ಎಲ್ಲವನ್ನೂ ಓದಿದೆ. ನನ್ನ ಮಾತು ಕಹಿಯೆನಿಸಿದರೆ ಕ್ಷಮಿಸಿ. ಹವಾಮಾನ ಕೋಟ್ಯಂತರ ವರ್ಷಗಳಿಂದ ಬದಲಾಗುತ್ತಲೇ ಬಂದಿದೆ ಎಂದು ನೀವೇ ಇಷ್ಟು ವಿವರವಾಗಿ ತೋರಿಸಿದಿರಿ. ಆಗ ಕಾರ್ಖಾನೆಯೂ ಇರಲಿಲ್ಲ, ಡೀಸೆಲ್ ಲಾರಿಯೂ ಇರಲಿಲ್ಲ. ಹಾಗಿರುವಾಗ ಈಗ ಆಗುತ್ತಿರುವ ಬದಲಾವಣೆಗೆ ಮಾತ್ರ ಮನುಷ್ಯನೇ ಕಾರಣ ಎನ್ನುವುದು ಯಾವ ನ್ಯಾಯ? ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಇನ್ನು ತುಂಬುವುದೇ ಇಲ್ಲ ಎಂದು ಎರಡು ತಲೆಮಾರು ಹೇಳಿಕೊಂಡು ಬಂದಿತು. 2022ರಲ್ಲಿ ಮತ್ತೆ ಕೋಡಿ ಬಿತ್ತು. ಬರುವುದು ಬರುತ್ತದೆ, ಹೋಗುವುದು ಹೋಗುತ್ತದೆ. ಇನ್ನೊಂದು ಮಾತು: ಐಸ್ ಕೋರಿನಲ್ಲಿ ಮೊದಲು ತಾಪ ಏರಿ ಆಮೇಲೆ ಇಂಗಾಲದ ಡೈಆಕ್ಸೈಡ್ ಏರಿದೆ ಎಂದು ಓದಿದ್ದೇನೆ. ಹಿಂದೆ ಬಂದದ್ದು ಮುಂದಿನದಕ್ಕೆ ಕಾರಣವಾಗುವುದು ಹೇಗೆ?

ವಿಜ್ಞಾನ ಶಿಕ್ಷಕಿ (ಹೊಳಲ್ಕೆರೆ)

ಮಾರಿಕಣಿವೆಯ ಉದಾಹರಣೆಗೆ ಮಾತ್ರ ನಾನು ಉತ್ತರಿಸುತ್ತೇನೆ. ಒಂದು ಜಲಾಶಯ ಒಂದು ವರ್ಷ ತುಂಬುವುದು, ಬಿಡುವುದು ಆ ವರ್ಷದ ಮಳೆಯನ್ನೂ, ಮೇಲಿನ ಕೆರೆಗಳು ಎಷ್ಟು ನೀರು ತಡೆದವು ಎಂಬುದನ್ನೂ, ಬೇರೆ ಕಡೆಯಿಂದ ನೀರು ಬಂತೇ ಎಂಬುದನ್ನೂ ಅವಲಂಬಿಸಿರುತ್ತದೆ. ಹವಾಮಾನ ಎಂಬುದನ್ನು ಅಳೆಯುವುದು ಕನಿಷ್ಠ 30 ವರ್ಷಗಳ ಸರಾಸರಿಯಲ್ಲಿ.

ಸಂಶೋಧನಾ ವಿದ್ಯಾರ್ಥಿನಿ (ಊರು ಹಿರಿಯೂರು)

ಅಣ್ಣನವರೇ, ಎರಡನೆಯ ಪ್ರಶ್ನೆ ಬಹಳ ಒಳ್ಳೆಯದು. ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ಸಿಗುತ್ತದೆ.

ಹಿಮಗಾಲಗಳು ಬಂದು ಹೋಗುವ ಲಯಕ್ಕೆ ಭೂಮಿಯ ಕಕ್ಷೆ ಕಾರಣ ಎಂದು 1864ರಲ್ಲೇ ವಾದಿಸಿದವನು ಜೇಮ್ಸ್ ಕ್ರಾಲ್. ಗ್ಲಾಸ್ಗೋದ ಒಂದು ವಸ್ತುಸಂಗ್ರಹಾಲಯದಲ್ಲಿ ಕಾವಲಿನ, ಗುಡಿಸುವ ಕೆಲಸದಲ್ಲಿದ್ದುಕೊಂಡೇ ಪುಸ್ತಕ ಓದಿ ಕಲಿತವನು. ಲೆಕ್ಕವನ್ನು ಪೂರ್ತಿ ಮಾಡಿದವನು ಸರ್ಬಿಯಾದ ಮಿಲುಟಿನ್ ಮಿಲಾಂಕೋವಿಚ್. ಕಕ್ಷೆಯ ಆಕಾರ ಸುಮಾರು 1,00,000 ವರ್ಷಗಳಲ್ಲಿ, ಅಕ್ಷದ ಓರೆ 41,000 ವರ್ಷಗಳಲ್ಲಿ, ಅಕ್ಷ ತೋರುವ ದಿಕ್ಕು 19,000 ಮತ್ತು 23,000 ವರ್ಷಗಳ ಆವರ್ತನದಲ್ಲಿ ಬದಲಾಗುತ್ತವೆ. ಇದರಿಂದ ವರ್ಷದ ಒಟ್ಟು ಬಿಸಿಲು ಹೆಚ್ಚೇನೂ ಬದಲಾಗದು. ಬಿಸಿಲು ಯಾವ ಋತುವಿನಲ್ಲಿ, ಯಾವ ಅಕ್ಷಾಂಶಕ್ಕೆ ಎಷ್ಟು ಬೀಳುತ್ತದೆ ಎಂಬ ಹಂಚಿಕೆ ಬದಲಾಗುತ್ತದೆ. ಉತ್ತರದ 65 ಡಿಗ್ರಿ ಅಕ್ಷಾಂಶದ ಬೇಸಿಗೆ ತಂಪಾಗಿದ್ದರೆ ಚಳಿಗಾಲದ ಹಿಮ ಕರಗದೆ ಉಳಿದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. 1976ರಲ್ಲಿ ಹೇಸ್, ಇಂಬ್ರಿ ಮತ್ತು ಶ್ಯಾಕಲ್‌ಟನ್ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ತಳದಿಂದ ತೆಗೆದ ಕೆಸರಿನ ಕಂಬಗಳಲ್ಲಿ ಇದೇ ಆವರ್ತನಗಳನ್ನು ಗುರುತಿಸಿದಾಗ ವಾದ ಗಟ್ಟಿಯಾಯಿತು. ಹಿಮ, ಕೆಸರು, ಹವಳ, ಗುಹೆಯ ಸುಣ್ಣ, ಒಂದಕ್ಕೊಂದು ಸಂಬಂಧವೇ ಇಲ್ಲದ ಇಷ್ಟು ಸಾಕ್ಷಿಗಳು ಬೇರೆ ಬೇರೆ ಊರಿನಲ್ಲಿ ನಿಂತು ಒಂದೇ ಮಾತು ಹೇಳುತ್ತಿರುವುದರಿಂದಲೇ ಹಿಮಯುಗವನ್ನು ಇಷ್ಟು ಖಚಿತವಾಗಿ ಹೇಳಲಾಗುತ್ತದೆ. ಬಾರ್ಬಡೋಸಿನ ಹವಳದ ಲೆಕ್ಕವೊಂದನ್ನೇ ನೋಡಿ: ಕಡಲ ಮೇಲ್ಮೈಗೆ ಹತ್ತಿರ ಮಾತ್ರ ಬದುಕುವ ಹವಳ ಸುಮಾರು 120 ಮೀಟರ್ ಆಳದಲ್ಲಿ ಸಿಕ್ಕಿತು, ಅಂದರೆ ಅಷ್ಟು ನೀರು ಹಿಮವಾಗಿ ನೆಲದ ಮೇಲೆ ಕೂತಿತ್ತು. ಆಗ ರಾಮೇಶ್ವರದಿಂದ ಶ್ರೀಲಂಕಾಕ್ಕೆ ನಡೆದೇ ಹೋಗಬಹುದಿತ್ತು.

ಈಗ ನಿಮ್ಮ ಪ್ರಶ್ನೆ. ಹಿಮಗಾಲ ಮುಗಿಯುವಾಗ ಮೊದಲ ತಳ್ಳು ಕೊಟ್ಟದ್ದು ಕಕ್ಷೆ. ಅಂಟಾರ್ಕ್ಟಿಕಾದಲ್ಲಿ ತಾಪದ ಏರಿಕೆ ಸ್ವಲ್ಪ ಮೊದಲೇ ಆರಂಭವಾದದ್ದೂ ನಿಜ. ಕಡಲು ಬೆಚ್ಚಗಾದಂತೆ ಅದರೊಳಗಿದ್ದ ಇಂಗಾಲದ ಡೈಆಕ್ಸೈಡ್ ಹೊರಬಂತು; ಹೊರಬಂದ ಅನಿಲ ಬಿಸಿಯನ್ನು ಹಿಡಿದಿಟ್ಟು ಇಡೀ ಭೂಮಿಯನ್ನು ಮತ್ತಷ್ಟು ಬೆಚ್ಚಗೆ ಮಾಡಿತು; ಹಿಮ ಕರಗಿ ಬೆಳಕನ್ನು ಹಿಂದಕ್ಕೆ ತಳ್ಳುವ ಬಿಳಿ ನೆಲ ಕಡಿಮೆಯಾಗಿ ತಾಪ ಇನ್ನೂ ಏರಿತು. ಕಕ್ಷೆಯ ಬದಲಾವಣೆಯೊಂದರಿಂದಲೇ ಹಿಮಗಾಲದ 4ರಿಂದ 7 ಡಿಗ್ರಿಯ ವ್ಯತ್ಯಾಸವನ್ನು ವಿವರಿಸಲು ಬಾರದು. ಅನಿಲದ ಪಾಲನ್ನು ಸೇರಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ. ಅನಿಲ ಒಂದು ಕಾಲದಲ್ಲಿ ಪರಿಣಾಮವಾಗಿ ಬಂದು ಅದೇ ಕ್ಷಣದಿಂದ ಕಾರಣವೂ ಆಯಿತು. ಈಗ ಅದನ್ನು ಹೊರಬಿಡುತ್ತಿರುವುದು ಕಡಲಲ್ಲ. ಕಡಲು ವಾಸ್ತವವಾಗಿ ನಾವು ಬಿಟ್ಟದ್ದರಲ್ಲಿ ಒಂದು ಭಾಗವನ್ನು ಹೀರಿಕೊಳ್ಳುತ್ತಿದೆ.

ಹೆಚ್ಚಾಗಿರುವ ಅನಿಲ ನಮ್ಮದೇ ಎಂದು ಹೇಗೆ ಹೇಳುವುದು? ಕಲ್ಲಿದ್ದಲು, ಪೆಟ್ರೋಲಿಯಂ ಕೋಟ್ಯಂತರ ವರ್ಷ ನೆಲದಲ್ಲಿದ್ದುದರಿಂದ ಅವುಗಳಲ್ಲಿ ಕಾಲಕ್ರಮೇಣ ಕ್ಷಯಿಸುವ ಇಂಗಾಲದ ರೂಪವಾದ ಕಾರ್ಬನ್-14 ಉಳಿದಿಲ್ಲ; ಹಳೆಯ ಸಸ್ಯ, ಜೀವಿಗಳಿಂದ ಆದವಾದ್ದರಿಂದ ಇಂಗಾಲದ ಇನ್ನೊಂದು ಭಾರದ ರೂಪವಾದ ಕಾರ್ಬನ್-13 ಕೂಡ ಕಡಿಮೆ. ಗಾಳಿಯಲ್ಲಿ ಈ ಎರಡರ ಪಾಲೂ ಇಳಿಯುತ್ತಿದೆ, ಉರಿಯಲು ಬಳಕೆಯಾದ ಆಮ್ಲಜನಕವೂ ಅದಕ್ಕೆ ತಕ್ಕಂತೆ ಸಣ್ಣ ಪ್ರಮಾಣದಲ್ಲಿ ಇಳಿಯುತ್ತಿದೆ. ವೇಗವನ್ನೂ ಗಮನಿಸಿ. ಹಿಮಗಾಲ ಮುಗಿಯುವಾಗ ಅನಿಲ ಸುಮಾರು 80 ಪಿಪಿಎಂ ಏರಲು 7,000 ವರ್ಷ ಬೇಕಾಯಿತು. ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯಲು ಆರಂಭಿಸಿದಾಗ 315 ಇದ್ದದ್ದು ಈಗ 420ನ್ನು ದಾಟಿದೆ. ನೂರಕ್ಕೂ ಹೆಚ್ಚಿನ ಏರಿಕೆ ಒಬ್ಬ ಮನುಷ್ಯನ ಆಯುಸ್ಸಿನೊಳಗೆ ಆಗಿದೆ.

ಅಡಿಕೆ ಬೆಳೆಗಾರ (ಚನ್ನಗಿರಿ)

ತಂಗಿ, ವಿವರಣೆ ಚೆನ್ನಾಗಿದೆ. ಆದರೂ ಸೂರ್ಯನೇ ಹೆಚ್ಚು ಉರಿಯುತ್ತಿರಬಹುದಲ್ಲ? ಅಲ್ಲದೆ ಮುಂದಿನ ಹಿಮಗಾಲ ಬರುವುದು ಖಂಡಿತವಾದರೆ ಈ ಬಿಸಿಯೆಲ್ಲ ತಾನಾಗಿಯೇ ಸರಿಹೋಗಬೇಕಲ್ಲ?

ನಿವೃತ್ತ ಭೂವಿಜ್ಞಾನ ಉಪನ್ಯಾಸಕ (ದಾವಣಗೆರೆ)

ಸೂರ್ಯನ ಬೆಳಕನ್ನು 1978ರಿಂದ ಉಪಗ್ರಹಗಳು ಅಳೆಯುತ್ತಿವೆ; ಸುಮಾರು 11 ವರ್ಷಗಳ ಏರಿಳಿತ ಬಿಟ್ಟರೆ ಅದರಲ್ಲಿ ಹೆಚ್ಚಳವಿಲ್ಲ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬೆಚ್ಚಗಾಗಬೇಕಿತ್ತು; ಅಲ್ಲಿ ತಾಪ ಇಳಿಯುತ್ತಿದೆ. ಕೆಳಗೆ ಬಿಸಿ, ಮೇಲೆ ತಂಪು ಎಂಬ ಈ ಗುರುತು ಅನಿಲಕ್ಕೆ ಮಾತ್ರ ಹೊಂದುತ್ತದೆ. ಮುಂದಿನ ಹಿಮಗಾಲದ ವಿಷಯದಲ್ಲಿ, ಈಗ ಕಕ್ಷೆ ವೃತ್ತಕ್ಕೆ ಬಹಳ ಹತ್ತಿರವಿರುವುದರಿಂದ ಅದು ತಾನಾಗಿ ಬರುವುದಾದರೂ ಹತ್ತಾರು ಸಾವಿರ ವರ್ಷಗಳ ಮಾತು. ಅಡಿಕೆ ಗಿಡ ನೆಟ್ಟವನು ಅಷ್ಟು ಕಾಯಲಾರ.

ಏಳು ಸುತ್ತಿನ ಕೋಟೆ (ಚಿತ್ರದುರ್ಗ)

ನಮ್ಮ ಕಡೆ ಹಿಮ ಬೀಳಲಿಲ್ಲ ಎಂದಾದರೆ ಆ ಕಾಲದಲ್ಲಿ ಇಲ್ಲಿ ಏನಾಗಿತ್ತು ಎಂಬುದನ್ನು ಯಾರಾದರೂ ತಿಳಿಸುವಿರಾ? ಸೂಳೆಕೆರೆಯಂಥ ಹಳೆಯ ಕೆರೆಯ ಹೂಳಿನಲ್ಲಿ ಅದರ ಗುರುತು ಸಿಗಲಾರದೇ?

ಸಂಶೋಧನಾ ವಿದ್ಯಾರ್ಥಿನಿ (ಊರು ಹಿರಿಯೂರು)

ಸೂಳೆಕೆರೆ ಎಷ್ಟೇ ದೊಡ್ಡದಾದರೂ ಮನುಷ್ಯರು ಕಟ್ಟಿದ ಕೆರೆ. ಅದರ ಹೂಳು ಕೆಲವು ಶತಮಾನಗಳ ಕಥೆಯನ್ನಷ್ಟೇ ಹೇಳಬಲ್ಲದು. ಹಿಮಗಾಲಕ್ಕೆ ಹೋಗಬೇಕಾದರೆ ತಾನಾಗಿ ಆದ ಜೌಗು ಬೇಕು. ನಮಗೆ ಹತ್ತಿರದಲ್ಲಿ ಅಂಥದು ನೀಲಗಿರಿಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಹೋದ್ಯೋಗಿಗಳು ಊಟಿ ಬಳಿಯ ಜೌಗಿನ ಕೊಳೆತ ಸಸ್ಯಮಣ್ಣನ್ನು ಪದರ ಪದರವಾಗಿ ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಒಣಹವೆಗೆ ಒಗ್ಗಿದ ಹುಲ್ಲುಗಳು ಮತ್ತು ತೇವ ಬೇಡುವ ಗಿಡಮರಗಳು ಕಾರ್ಬನ್-13ನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಆ ಪ್ರಮಾಣ ಕೊಳೆತ ಮೇಲೂ ಉಳಿಯುತ್ತದೆ. ಸುಮಾರು 20,000 ವರ್ಷಗಳ ಹಿಂದಿನ ಪದರದಲ್ಲಿ ಒಣಹವೆಯ ಹುಲ್ಲಿನ ಗುರುತೇ ಮೇಲುಗೈ, ಸುಮಾರು 10,000 ವರ್ಷಗಳ ಹಿಂದಿನದರಲ್ಲಿ ತೇವದ ಸಸ್ಯಗಳದು. ಅರಬ್ಬೀ ಸಮುದ್ರದ ಕೆಸರೂ ಇದನ್ನೇ ಹೇಳುತ್ತದೆ. ರಾಜಸ್ಥಾನದ ಡೀಡವಾನಾ ಕೆರೆಯಲ್ಲಿ ಹಿಮಗಾಲದ ಪದರ ಉಪ್ಪಿನ ಹರಳಿನದು, ಸುಮಾರು 7,000 ವರ್ಷಗಳ ಹಿಂದಿನದು ಸಿಹಿನೀರಿನದು. ಅಂದರೆ ಧ್ರುವದ ಕಡೆ ಹಿಮ ಬೆಳೆದಾಗ ನಮ್ಮ ಕಡೆ ಮುಂಗಾರು ಕ್ಷೀಣಿಸಿ ಬರ ಹೆಚ್ಚಿತು.

ಅಡಿಕೆ ಬೆಳೆಗಾರ (ಚನ್ನಗಿರಿ)

ಹಾಗಾದರೆ ಭೂಮಿ ಬೆಚ್ಚಗಾದಾಗ ಮುಂಗಾರು ಬಲವಾಯಿತು ಎಂದಾಯಿತು. ಈಗಲೂ ಬೆಚ್ಚಗಾಗುತ್ತಿದೆ. ನಮಗೆ ಒಳ್ಳೆಯದೇ ಅಲ್ಲವೇ?

ಸಂಶೋಧನಾ ವಿದ್ಯಾರ್ಥಿನಿ (ಊರು ಹಿರಿಯೂರು)

ಹಾಗೆ ನೇರವಾಗಿ ಹೇಳಲಾಗದು, ಏಕೆಂದರೆ ಆಗಿನ ಬಿಸಿ ಬೇರೆ, ಈಗಿನ ಬಿಸಿ ಬೇರೆ. ಸುಮಾರು 10,000 ವರ್ಷಗಳ ಹಿಂದೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುತ್ತಿದ್ದುದು ಉತ್ತರದ ಬೇಸಿಗೆಯಲ್ಲಿ, ಈಗ ಜನವರಿಯಲ್ಲಿ. ಆದ್ದರಿಂದ ಆಗ ಏಷ್ಯಾದ ನೆಲ ಬೇಸಿಗೆಯಲ್ಲಿ ಕಡಲಿಗಿಂತ ಬಹಳ ಹೆಚ್ಚು ಕಾಯುತ್ತಿತ್ತು, ಆ ಸೆಳೆತಕ್ಕೆ ಮುಂಗಾರು ಬಲವಾಗುತ್ತಿತ್ತು. ಸಹಾರಾದಲ್ಲೂ ಹುಲ್ಲು, ಕೆರೆಗಳಿದ್ದದ್ದು ಇದೇ ಕಾರಣಕ್ಕೆ. ಈಗ ಅನಿಲದಿಂದ ಆಗುತ್ತಿರುವ ಬಿಸಿ ಹಗಲಿಗೂ ರಾತ್ರಿಗೂ, ನೆಲಕ್ಕೂ ಕಡಲಿಗೂ, ಬೇಸಿಗೆಗೂ ಚಳಿಗಾಲಕ್ಕೂ ಬರುತ್ತಿದೆ. ಬೆಚ್ಚಗಿನ ಗಾಳಿ ಪ್ರತಿ ಡಿಗ್ರಿಗೆ ಸುಮಾರು ಶೇಕಡ 7ರಷ್ಟು ಹೆಚ್ಚು ತೇವ ಹಿಡಿಯುವುದರಿಂದ ದಕ್ಷಿಣ ಏಷ್ಯಾದ ಒಟ್ಟು ಮುಂಗಾರು ಮಳೆ ಈ ಶತಮಾನದಲ್ಲಿ ಹೆಚ್ಚುತ್ತದೆ ಎಂದು ಅಂತರ್‌ಸರ್ಕಾರಿ ಹವಾಮಾನ ಸಮಿತಿಯ ವರದಿ ಹೇಳುತ್ತದೆ. ಅದರ ಜೊತೆಗೆ ವಿಪರೀತ ಮಳೆಯ ದಿನಗಳೂ ಹೆಚ್ಚುತ್ತವೆ ಎನ್ನುತ್ತದೆ. ಹದವಾಗಿ ಹಂಚಿ ಬಿದ್ದ ಮಳೆ ಬೇರೆ, ಅಷ್ಟೇ ಮಳೆ ನಾಲ್ಕು ದಿನದಲ್ಲಿ ಸುರಿದು ಹೋಗುವುದು ಬೇರೆ ಎಂಬುದನ್ನು, ಕೊಳೆರೋಗಕ್ಕೆ ಔಷಧ ಹೊಡೆಯಲು ಮಳೆ ಬಿಡುವು ಕೊಡುವುದನ್ನೇ ಕಾಯುವ ತೋಟದವರಿಗೆ ನಾನು ಹೇಳಬೇಕಾಗಿಲ್ಲ.